ಲೈಟ್ ಯಗಾಮಿ ಸಿಕ್ಕಿಬೀಳಬಾರದೆಂದು ನಮಗೇಕೆ ಅನಿಸುತ್ತದೆ? (‘ಡೆತ್ ನೋಟ್’ ಪೂರ್ತಿ ನೋಡದವರು ಮುಂದೆ ಓದಬೇಡಿ)

ಪ್ರಶ್ನೆ: ಸಪ್ತಾಪುರದ ಓದುಗ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಮ್ಮ ರೂಮಿನಲ್ಲಿರುವವರೆಲ್ಲ ಪಿಎಸ್‌ಐ, ಕೆಎಎಸ್ ಪರೀಕ್ಷೆಗಳಿಗೆ ಓದುತ್ತಿರುವವರು. ರಾತ್ರಿ ಲೈಬ್ರರಿಯಿಂದ ಬಂದು ಊಟ ಮಾಡುತ್ತ ನೋಡತೊಡಗಿದ ‘ಡೆತ್ ನೋಟ್’ ಎಂಬ ಅನಿಮೆಯ (ಜಪಾನಿನ ಆ್ಯನಿಮೇಷನ್ ಸರಣಿಯ) 37 ಕಂತುಗಳು ಈಚೆಗೆ ಮುಗಿದವು. ಹೆಸರು ಬರೆದರೆ ಆ ಮನುಷ್ಯ ಸಾಯುವಂಥ ಪುಸ್ತಕವೊಂದು ಕೈಗೆ ಸಿಕ್ಕ ಹದಿನೇಳರ ಹುಡುಗ ಲೈಟ್ ಯಗಾಮಿ, ಅಪರಾಧಿಗಳಿಲ್ಲದ ಲೋಕವನ್ನು ಕಟ್ಟುತ್ತೇನೆಂದು ಹೊರಟು, ತನ್ನ ಜಾಡು ಹಿಡಿದು ಬಂದ ತನಿಖಾಧಿಕಾರಿಗಳನ್ನೂ ಕೊಲ್ಲುತ್ತಾನೆ. ಖಾಕಿ ತೊಡಬೇಕೆಂದು ಹಗಲಿರುಳು ಓದುತ್ತಿರುವ ನಾವೇ ಪೊಲೀಸರ ಎದುರು ಪಕ್ಷದಲ್ಲಿ ಕುಳಿತು, ಅವನು ಪಾರಾಗಲಿ ಎಂದು ಉಸಿರು ಬಿಗಿಹಿಡಿದೆವು. “ಅಂವಾ ಮಾಡೂದು ತಪ್ಪು ಅಂತ ಗೊತ್ತದ, ಆದ್ರೂ ಅಂವಾ ಸಿಗಬಾರದು ಅನಸ್ತದ” ಎಂದು ಬ್ಯಾಡಗಿ ಕಡೆಯ ಗೆಳೆಯ ಅಂದದ್ದು ನಮ್ಮೆಲ್ಲರ ಮಾತೂ ಆಗಿತ್ತು. ತಪ್ಪೆಂದು ತಿಳಿದ ಮೇಲೂ ಮನಸ್ಸು ಅವನ ಕಡೆಗೇ ವಾಲುವುದಕ್ಕೆ ಕಾರಣ ಕಥೆ ಹೇಳಿದವರ ಜಾಣತನವೋ, ನೋಡುವ ನಮ್ಮ ಮನಸ್ಸಿನಲ್ಲಿ ಮೊದಲೇ ಇದ್ದ ಯಾವುದೋ ಒಂದೋ? ಬಲ್ಲವರು ತಿಳಿಸಬೇಕು.

ಉತ್ತರ: ವಿದ್ಯಾನಗರದವ, ಹುಬ್ಬಳ್ಳಿ

ಹೆಚ್ಚಿನ ಪಾಲು ಜಾಣತನವೇ ಎಂಬುದು ನನ್ನ ಅಭಿಪ್ರಾಯ. ಪತ್ತೇದಾರಿ ಕಥೆಯಲ್ಲಿ ಸಾಮಾನ್ಯವಾಗಿ ಕೊಲೆಗಾರ ಯಾರೆಂಬುದು ಕೊನೆಯವರೆಗೆ ಗುಟ್ಟಾಗಿರುವುದರಿಂದ ನಾವು ಪತ್ತೇದಾರನ ಬೆನ್ನಿಗೇ ನಡೆಯುತ್ತೇವೆ. ಇಲ್ಲಿ ಕೊಲೆಗಾರ ಮೊದಲ ಕಂತಿನಲ್ಲೇ ಗೊತ್ತು; ಅವನ ಮನಸ್ಸಿನ ಮಾತು ನಮಗೆ ಕೇಳಿಸುತ್ತದೆ; ಆರಂಭದಲ್ಲಿ ಅವನ ಗುಟ್ಟು ಬಲ್ಲವರೆಂದರೆ ಸಾವಿನ ದೇವತೆಯಾದ ರ್ಯೂಕ್ ಮತ್ತು ನಾವು. ಒಬ್ಬನ ಗುಟ್ಟನ್ನು ಕಾಯ್ದುಕೊಂಡು ಕುಳಿತವರು ತಮಗೆ ತಿಳಿಯದಂತೆಯೇ ಅವನ ಪಕ್ಷದವರಾಗುತ್ತಾರೆ. ತ್ಸುಗುಮಿ ಓಬಾ ಬರೆದು ತಕೇಶಿ ಒಬಾತಾ ಚಿತ್ರಿಸಿದ ಮೂಲ ಮಂಗಾ (ಜಪಾನಿನ ಚಿತ್ರಕಥೆ) 2003ರಿಂದ 2006ರವರೆಗೆ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದದ್ದು. ಮುಂದಿನ ವಾರದವರೆಗೆ ಓದುಗನನ್ನು ತುದಿಗಾಲಿನಲ್ಲಿ ನಿಲ್ಲಿಸಬೇಕಾದ ಆ ಕಟ್ಟುಪಾಡು ಕಥೆಯ ಮೈಯಲ್ಲೇ ಸೇರಿಹೋಗಿದೆ.

ಇನ್ನೊಂದು, ನಿಯಮಗಳ ಬಿಗಿ. ಮುಖ ಗೊತ್ತಿರಬೇಕು, ನಿಜವಾದ ಹೆಸರು ಗೊತ್ತಿರಬೇಕು, ಸಾವಿನ ಕಾರಣ ಬರೆಯದಿದ್ದರೆ 40 ಸೆಕೆಂಡುಗಳಲ್ಲಿ ಹೃದಯಾಘಾತ. ಇಪ್ಪತ್ತನಾಲ್ಕನೆಯ ಕಂತನ್ನು ನೆನಪಿಸಿಕೊಳ್ಳಿ. ಅವನ ಜಾಡು ಹಿಡಿದ ಪತ್ತೇದಾರ ಎಲ್ ಪಕ್ಕದಲ್ಲೇ ಕುಳಿತಿರುವಾಗ ಲೈಟ್ ತನ್ನ ಕೈಗಡಿಯಾರದ ಚಾವಿಯನ್ನು ಸರಸರನೆ ಎಳೆಯುತ್ತಾನೆ, ಅಡಿಯಿಂದ ಚೂರು ಹಾಳೆ ಹೊರಬರುತ್ತದೆ, ಸೂಜಿಯಿಂದ ಬೆರಳು ಚುಚ್ಚಿಕೊಂಡು ರಕ್ತದಲ್ಲೇ, ಆ ಹೊತ್ತಿಗೆ ಪುಸ್ತಕ ಬಳಸುತ್ತಿದ್ದು ಸಿಕ್ಕಿಬಿದ್ದ ಹಿಗುಚಿಯ ಹೆಸರು ಬರೆಯುತ್ತಾನೆ, ಆಮೇಲೆ ಕಾಯುತ್ತಾನೆ. ಆ ಹೊತ್ತಿನಲ್ಲಿ ಹಿಗುಚಿಯ ಪ್ರಾಣದ ಚಿಂತೆ ಯಾರಿಗಿತ್ತು? ಎಲ್ ಈ ಕಡೆ ತಿರುಗಿ ನೋಡಿಬಿಟ್ಟರೆ ಗತಿಯೇನು ಎಂಬುದೊಂದೇ ನನ್ನ ಚಿಂತೆಯಾಗಿತ್ತು. ಲೆಕ್ಕ ತಪ್ಪದಿರಲಿ ಎಂಬ ಆತಂಕ ತಲೆ ತುಂಬಿದಾಗ, ಆ ಲೆಕ್ಕ ಯಾವುದರದ್ದೆಂದು ಕೇಳಿಕೊಳ್ಳಲು ಕಥೆ ನಮಗೆ ಪುರಸೊತ್ತು ಕೊಡುವುದಿಲ್ಲ.

ಉತ್ತರ: ಮಾಸ್ತರ, ಗದಗ

ಹುಬ್ಬಳ್ಳಿಯವರ ವಿವರಣೆ ಒಪ್ಪತಕ್ಕದ್ದೇ, ಆದರೆ ಪ್ರಶ್ನೆಗೆ ಅದರಿಂದ ಪೂರ್ತಿ ಉತ್ತರ ಸಿಗುವುದಿಲ್ಲ. ಬ್ಯಾಂಕ್ ದರೋಡೆಯ ಸಿನಿಮಾದಲ್ಲಿಯೂ ನಾವು ದರೋಡೆಕೋರರ ಕಡೆಗೇ ಇರುತ್ತೇವೆ. ಹಾಗೆಂದು ಸಿನಿಮಾ ಮುಗಿದ ಮೇಲೆ ದರೋಡೆಯೇ ಸರಿ ಎಂದು ಯಾರೂ ವಾದಕ್ಕೆ ಕೂರುವುದಿಲ್ಲ. ಲೈಟ್‌ನ ವಿಷಯದಲ್ಲಿ ಮಾತ್ರ ಕೂರುತ್ತೇವೆ. ನಾನು ಈ ಅನಿಮೆ ನೋಡಿದ್ದೇ ನನ್ನ ಹತ್ತನೆಯ ತರಗತಿಯ ಹುಡುಗರು ಬಿಡುವಿನ ವೇಳೆಯಲ್ಲಿ ಅವನ ಪರವಾಗಿ ವಕಾಲತ್ತು ವಹಿಸುವುದನ್ನು ಕೇಳಿ.

ಅವರ ವಾದದ ಬೇರು ಬೇರೆ ಕಡೆ ಇದೆ. ಮೊಕದ್ದಮೆ ವರ್ಷಗಟ್ಟಲೆ ಎಳೆಯುತ್ತದೆ, ಸಾಕ್ಷಿ ತಿರುಗಿ ಬೀಳುತ್ತಾನೆ, ಆರೋಪಿ ಜಾಮೀನಿನ ಮೇಲೆ ಬಂದು ಅದೇ ಓಣಿಯಲ್ಲಿ ಎದೆಯುಬ್ಬಿಸಿ ತಿರುಗುತ್ತಾನೆ ಎಂಬ ಮಾತನ್ನು ಅವರು ಮನೆಯಲ್ಲೇ ಕೇಳುತ್ತ ಬೆಳೆದಿದ್ದಾರೆ. 2019ರ ಡಿಸೆಂಬರಿನಲ್ಲಿ ಹೈದರಾಬಾದಿನ ಹತ್ತಿರ ಅತ್ಯಾಚಾರ ಮತ್ತು ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಬಲಿಯಾದಾಗ ಜನ ಪೊಲೀಸರ ಮೇಲೆ ಹೂವಿನ ಪಕಳೆ ಎರಚಿದರು. ಸುಪ್ರೀಂ ಕೋರ್ಟ್ ನೇಮಿಸಿದ ಆಯೋಗ ಪೊಲೀಸರ ಹೇಳಿಕೆಯನ್ನು ಒಪ್ಪಲಾಗದೆಂದು ವರದಿ ಕೊಟ್ಟ ಸುದ್ದಿ 2022ರಲ್ಲಿ ಬಂದಾಗ ಅದನ್ನು ಓದಿದವರೆಷ್ಟು ಜನ? ಹೂವೆರಚುವ ಆ ಕೈಗಳನ್ನು ‘ಡೆತ್ ನೋಟ್’ ಚೆನ್ನಾಗಿ ಬಲ್ಲದು. ಕೀರಾನನ್ನು (ಈ ಕೊಲೆಗಾರ ಯಾರೆಂದು ತಿಳಿಯದ ಜನ ಲೈಟ್‌ಗೆ ಇಟ್ಟ ಹೆಸರು) ದೇವರೆಂದು ಪೂಜಿಸುವ ಜನರನ್ನು ಅದು ಸುಮ್ಮನೆ ತಂದು ನಿಲ್ಲಿಸಿಲ್ಲ.

ಆದರೂ ಕೃತಿ ನಮಗೆ ಮೋಸ ಮಾಡಿಲ್ಲವೆಂದು ಹೇಳಲೇಬೇಕು. ಎರಡನೆಯ ಕಂತಿನಲ್ಲಿಯೇ ಒಬ್ಬ ವ್ಯಕ್ತಿ ಟಿವಿಯಲ್ಲಿ ಕಾಣಿಸಿಕೊಂಡು, ತಾನೇ ಎಲ್ ಎಂದು ಹೇಳಿಕೊಂಡು, ಕೀರಾ ಮಾಡುತ್ತಿರುವುದು ದುಷ್ಟತನವೆನ್ನುತ್ತಾನೆ. ಲೈಟ್ ರೇಗಿ ಅವನ ಹೆಸರು ಬರೆಯುತ್ತಾನೆ. ಆ ಮನುಷ್ಯ ಮರಣದಂಡನೆಗೆ ಗುರಿಯಾದ ಕೈದಿ, ಎಲ್ ಹೂಡಿದ ಬಲೆ, ಎಂಬುದು ನಂತರ ತಿಳಿಯುವ ಸಂಗತಿ. ಪೆನ್ನು ಹಿಡಿದ ಗಳಿಗೆಯಲ್ಲಿ ಲೈಟ್‌ನ ತಿಳಿವಳಿಕೆಯಂತೆ ಅವನೊಬ್ಬ ಪತ್ತೇದಾರ, ಅವನ ಅಪರಾಧ ಬೈದದ್ದೊಂದೇ. ನಾನು ಹುಡುಗರ ಮುಂದೆ ಇದನ್ನು ಎತ್ತಿದಾಗ ಸ್ವಲ್ಪ ಹೊತ್ತು ಸುಮ್ಮನಾದರು, ಆಮೇಲೆ ಒಬ್ಬ, “ಸರ್, ಆದ್ರ ಎಲ್ ಮೋಸ ಮಾಡಿದ್ನಲ್ರೀ” ಎಂದ!

ಸಪ್ತಾಪುರದ ಓದುಗ

ಇಬ್ಬರಿಗೂ ಧನ್ಯವಾದಗಳು. ಮಾಸ್ತರ, ಒಂದು ಸಂದೇಹ ಉಳಿಯಿತು. ಪುಸ್ತಕದ ಒಡೆತನ ಬಿಟ್ಟುಕೊಟ್ಟು ಅದರ ನೆನಪು ಅಳಿಸಿಹೋದ ಕಂತುಗಳಲ್ಲಿ ಲೈಟ್ ಎಷ್ಟು ಒಳ್ಳೆಯ ಹುಡುಗನಾಗಿರುತ್ತಾನೆಂದರೆ, ಮಿಸಾಳ ಪ್ರೀತಿಯನ್ನು ತನಿಖೆಗಾಗಿ ಬಳಸಿಕೊಳ್ಳುವುದಕ್ಕೂ ಒಪ್ಪುವುದಿಲ್ಲ. ಹಾಗಿದ್ದರೆ ಕೆಡುಕು ಆ ಪುಸ್ತಕದ್ದೇ ಎನ್ನಬಾರದೇಕೆ?

ಉತ್ತರ: ಸಾಧನಕೇರಿ, ಧಾರವಾಡ

ಆ ಕಂತುಗಳು ನನಗೆ ಬೇರೆ ರೀತಿ ಕಾಣುತ್ತವೆ. ನೆನಪು ಬಿಟ್ಟುಕೊಡುವುದು, ನಿರಪರಾಧಿಯಂತೆ ನಡೆದುಕೊಳ್ಳುವುದು, ಸಮಯ ನೋಡಿ ಪುಸ್ತಕ ಮುಟ್ಟಿ ನೆನಪು ಮರಳಿ ಪಡೆಯುವುದು, ಇದೆಲ್ಲವೂ ಮೊದಲಿನ ಲೈಟ್ ಹಾಕಿಟ್ಟ ಹಂಚಿಕೆಯೇ ಆಗಿತ್ತು. ತನ್ನ ಒಳ್ಳೆಯತನವನ್ನೂ ಒಂದು ದಾಳವಾಗಿ ನಡೆಸಿದ ಅವನ ಮೇಲಿನ ಮೆಚ್ಚುಗೆ ನನಗೆ ಅಸಹ್ಯವಾಗಿ ಮಾರ್ಪಟ್ಟದ್ದು ಅಲ್ಲಿಂದಲೇ.

ನಾಟಕ ನೋಡುವ ಚಟವಿರುವ ನನಗೆ ಇಲ್ಲಿ ಕಾರ್ನಾಡರ ‘ತುಘಲಕ್’ ನೆನಪಾಗದಿರುವುದು ಸಾಧ್ಯವಿಲ್ಲ. 1964ರಲ್ಲಿ ನಮ್ಮೂರಿನ ಮನೋಹರ ಗ್ರಂಥಮಾಲೆಯೇ ಪ್ರಕಟಿಸಿದ ನಾಟಕವದು. ಅಲ್ಲಿಯೂ ಎಲ್ಲರಿಗಿಂತ ಬುದ್ಧಿವಂತನಾದ, ಚದುರಂಗದ ಹುಚ್ಚಿರುವ, ಪ್ರಜೆಗಳಿಗೆ ನ್ಯಾಯದ ರಾಜ್ಯ ಕೊಡುತ್ತೇನೆಂದು ನಿಜವಾಗಿಯೇ ನಂಬಿದವನೊಬ್ಬ ಹೆಣಗಳ ಮೇಲೆ ಹೆಣ ಬೀಳಿಸುತ್ತಾನೆ. ಪ್ರೇಕ್ಷಕರು ಕೊನೆಯವರೆಗೂ ಅವನಿಂದ ಕಣ್ಣು ಕೀಳಲಾರರು. ಆದರೆ ಸುಲ್ತಾನನಿಗೆ ನಿದ್ದೆ ಬರುವುದಿಲ್ಲ, ತನ್ನ ಕೈಯಿಂದಾದದ್ದರ ಭಾರ ಅವನಿಗೆ ಗೊತ್ತು. ಲೈಟ್ ಮೊದಲ ಕಂತಿನಲ್ಲಿ ತನಗೆ ನಿದ್ದೆ ಬಾರದೆ ಮೈ ಇಳಿದುಹೋಯಿತೆಂದು ರ್ಯೂಕ್‌ನೊಂದಿಗೆ ಹೇಳಿಕೊಳ್ಳುತ್ತಾನೆ, ಮುಂದೆ ಆ ಸುದ್ದಿಯೇ ಇಲ್ಲ. ಅವನು ನಿದ್ದೆ ಮಾಡತೊಡಗಿದ್ದು ಯಾವಾಗ ಎಂಬುದನ್ನು ಕಥೆ ನಮಗೆ ತೋರಿಸುವುದೇ ಇಲ್ಲ, ನಾವೂ ಗಮನಿಸದೆ ಮುಂದೆ ಸಾಗಿಬಿಡುತ್ತೇವೆ. ಅದು ಪುಸ್ತಕದ ಮಾಯೆಯೆಂದು ನಾನಂತೂ ಒಪ್ಪಲಾರೆ.

ಉತ್ತರ: ಹಾವೇರಿಯಿಂದ

ಎಲ್ ಸತ್ತ ಮೇಲೆ, ಅಂದರೆ 25ನೆಯ ಕಂತಿನ ನಂತರ, ಕಥೆ ಸೊರಗುತ್ತದೆಂಬ ದೂರು ಎಲ್ಲೆಡೆ ಇದೆ. ಎಲ್‌ನ ಉತ್ತರಾಧಿಕಾರಿಗಳಾಗಿ ಬರುವ ನಿಯರ್ ಮತ್ತು ಮೆಲ್ಲೊ ಇಬ್ಬರೂ ಸೇರಿದರೂ ಎಲ್‌ನ ಜಾಗ ತುಂಬುವುದಿಲ್ಲವೆಂಬುದು ನಿಜ. ಆದರೆ ಈ ಪ್ರಶ್ನೆಗೆ ಬೇಕಾದ ದೃಶ್ಯ ಇರುವುದು ಆ ಸೊರಗಿದ ಭಾಗದಲ್ಲಿಯೇ. ಲೈಟ್‌ನ ತಂದೆ ಸೋಯಿಚಿರೋ ಯಗಾಮಿ ಪ್ರಾಮಾಣಿಕ ಪೊಲೀಸ್ ಅಧಿಕಾರಿ. ಉಳಿದ ಆಯಸ್ಸಿನಲ್ಲಿ ಅರ್ಧವನ್ನು ತೆತ್ತು ಸಾವಿನ ದೇವತೆಯ ಕಣ್ಣುಗಳನ್ನು ಪಡೆದಿರುತ್ತಾರೆ. ಪುಸ್ತಕದ ಒಡೆತನ ಇರುವವರ ಆಯಸ್ಸು ಆ ಕಣ್ಣಿಗೆ ಕಾಣದೆಂಬುದು ನಿಯಮ. ಸಾಯುವ ಹೊತ್ತಿಗೆ ಮಗನ ತಲೆಯ ಮೇಲೆ ಆಯಸ್ಸಿನ ಅಂಕಿ ಕಂಡು, ನೀನು ಕೀರಾ ಅಲ್ಲ ಎಂದು ನೆಮ್ಮದಿಯಿಂದ ಕಣ್ಣು ಮುಚ್ಚುತ್ತಾರೆ. ಆ ಗಳಿಗೆಯಲ್ಲಿ ಒಡೆತನ ಮಗನಲ್ಲಿರಲಿಲ್ಲ, ಅಷ್ಟೇ.

ವಿದ್ಯಾನಗರದವರು ಹೇಳಿದ ಅದೇ ನಿಯಮಗಳ ಬಿಗಿ, ಅದೇ ಗುಟ್ಟು ಬಲ್ಲವರ ಸ್ಥಾನ ಇಲ್ಲಿಯೂ ಇದೆ, ಆದರೆ ಈ ಸಲ ಅವು ನಮ್ಮ ಎದೆಗೇ ಒದೆಯುತ್ತವೆ. ಸಪ್ತಾಪುರದ ಗೆಳೆಯರೇ, ಈ ದೃಶ್ಯ ಬಂದಾಗ ನಿಮ್ಮ ರೂಮಿನಲ್ಲಿ ಯಾರಾದರೂ ಲೈಟ್ ಪಾರಾಗಲಿ ಎಂದರೇ?

ಸಪ್ತಾಪುರದ ಓದುಗ

ಬ್ಯಾಡಗಿಯವ ಒಬ್ಬ ಅಂದ. ಅವನ ತಂದೆ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಏಕೆಂದು ಕೇಳಿದ್ದಕ್ಕೆ, ಈಗ ಸಿಕ್ಕಿಬಿದ್ದರೆ ಆ ತಂದೆ ಸುಳ್ಳಾಗುತ್ತಾರೆ ಎಂದ. ನಮ್ಮ ವಾದ ಇನ್ನೂ ಮುಗಿದಿಲ್ಲ.