ಉರುಳು ಹಾಕುವುದಕ್ಕೆ ಏನಂತೀರಿ? 'ಬೇಟೆ' ಅಂದರೆ ಸಾಕಾ?

ನಮಸ್ಕಾರ. ರಾಣೆಬೆನ್ನೂರು ಸುತ್ತಲಿನ ಹಳ್ಳಿಗಳಲ್ಲಿ ಹಂಚಲು, ಕಾಡುಪ್ರಾಣಿಗಳ ಬೇಟೆ ಬೇಡ ಅಂತ ಹೇಳುವ ಒಂದು ಕರಪತ್ರ ಬರೆಯುತ್ತಿದ್ದೇನೆ. ಕೃಷ್ಣಮೃಗಕ್ಕೆಂದೇ 1974ರಲ್ಲಿ ಅಭಯಾರಣ್ಯವಾದ ಸೀಮೆ ಅದು. ಮೃಗದ ಹೆಸರಿನ ಬಗ್ಗೆ ಅನುಮಾನವಿಲ್ಲ, 'ಚಿಗರಿ' ಅಂತಲೇ ಬರೆದಿದ್ದೇನೆ, ಹುಬ್ಬಳ್ಳಿ-ಧಾರವಾಡದ ಬಸ್ಸಿಗೂ ಅದೇ ಹೆಸರಿದೆ, ಅದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ತೊಡಕಿರುವುದು 'ಬೇಟೆ'ಯಲ್ಲಿ.

1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ. ವಿಷ ಇಡುವುದು, ಉರುಳು ಹಾಕುವುದು, ಬಲೆ ಒಡ್ಡುವುದು, ಬೆನ್ನಟ್ಟುವುದು, ಹಕ್ಕಿಯ ಗೂಡು ಕೆಡಿಸುವುದು ಎಲ್ಲವೂ ಬೇಟೆಯೇ. ಪ್ರಾಣಿ ಸಿಗದಿದ್ದರೂ ಅಪರಾಧ, ಪ್ರಯತ್ನ ಮಾಡಿದರೆ ಸಾಕು. ಆದರೆ ನಮ್ಮ ಆಡುಮಾತಿನಲ್ಲಿ ಬೇಟೆ ಅಂದ ಕೂಡಲೇ ಬಂದೂಕೋ ನಾಯಿಯೋ ಕಣ್ಣಿಗೆ ಬರುತ್ತದೆ. (10ನೇ ಶತಮಾನದ ಆತಕೂರು ಶಾಸನದಲ್ಲೂ ಕಾಳಿ ಎಂಬ ನಾಯಿ ಹಂದಿಯ ಜೊತೆ ಕಾದಾಡಿ ಸತ್ತ ಸಂಗತಿಯೇ ಇದೆ.) ಗೋವಿನಜೋಳದ ಹೊಲದ ಬದುವಿನಲ್ಲಿ ಹಂದಿಗೆಂದು ಕ್ಲಚ್ ವೈರಿನ ಉರುಳು ಕಟ್ಟಿದವನು ತನ್ನನ್ನು ಬೇಟೆಗಾರ ಅಂದುಕೊಳ್ಳುವುದೇ ಇಲ್ಲ, ಬೆಳೆ ಕಾಯುತ್ತಿದ್ದೇನೆ ಅನ್ನುತ್ತಾನೆ. ಅವನ ಕಷ್ಟ ಸುಳ್ಳಲ್ಲ. ಆದರೆ ಆ ಉರುಳಿಗೆ ಚಿಗರಿಯೂ ಬೀಳುತ್ತದೆ, ನರಿಯೂ ಬೀಳುತ್ತದೆ. ಸುಮ್ನೆ 'ಬೇಟೆಯಾಡಬೇಡಿ' ಅಂತ ಬರೆದರೆ ಇದು ತನಗೆ ಹೇಳಿದ್ದಲ್ಲ ಅಂತ ಅವನು ಚೀಟಿ ಮಡಚಿಡುತ್ತಾನೆ, ಅಲ್ವಾ?

'ಕಳ್ಳಬೇಟೆ' ಪತ್ರಿಕೆಗಳಲ್ಲಿ ಚೆನ್ನಾಗಿ ಓಡುತ್ತಿರುವ ಪದ. ನನಗೆ ಅದೂ ಇಲ್ಲಿ ಒಗ್ಗುತ್ತಿಲ್ಲ, ಹಗಲಲ್ಲೇ ತನ್ನ ಹೊಲದಲ್ಲಿ ತಂತಿ ಕಟ್ಟುವವನಿಗೆ 'ಕಳ್ಳ' ಎಲ್ಲಿ ತಾಗುತ್ತದೆ?

'ಶಿಕಾರಿ' ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಪಾರಸಿಯಲ್ಲಿ ಶಿಕಾರ್ ಅಂದರೆ ಬೇಟೆ, ಶಿಕಾರಿ ಅಂದರೆ ಬೇಟೆಗಾರ, ನಾವು ಎರಡಕ್ಕೂ ಶಿಕಾರಿ ಅನ್ನುತ್ತೇವೆ, ಆ ಗೊಂದಲ ಹೇಗೋ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಚಿಂತೆ ಬೇರೆ. ಗದಗ-ಬೆಟಗೇರಿ, ಹುಬ್ಬಳ್ಳಿ ಕಡೆ ಹರಣಶಿಕಾರಿ ಸಮುದಾಯದವರಿದ್ದಾರೆ. 'ಶಿಕಾರಿಗಳು ಕಂಡರೆ ತಿಳಿಸಿ' ಅಂತ ಅಚ್ಚು ಹಾಕಿಸಿದರೆ ಒಂದಿಡೀ ಸಮುದಾಯದ ಮೇಲೆ ಬೆರಳು ತೋರಿಸಿದಂತೆ. ಬ್ರಿಟಿಷರ 1871ರ ಕಾಯ್ದೆ ಎಷ್ಟೋ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಕಟ್ಟಿತ್ತು. ಆ ಕೆಲಸಕ್ಕೆ ನಮ್ಮ ಕರಪತ್ರ ಕೈಜೋಡಿಸಬಾರದು.

ಹಾಗಾಗಿ ದೊಡ್ಡ ಪದ ಬಿಟ್ಟು ಮಾಡುವ ಕೆಲಸವನ್ನೇ ಹೇಳೋಣ ಅನಿಸಿದೆ: 'ಉರುಳು ಹಾಕಬೇಡಿ, ಹಾಕಿದರೂ ಅದು ಬೇಟೆಯೇ, ಕೇಸಾಗುತ್ತದೆ.' ಇದು ಓದಿದ ಕೂಡಲೇ ತಿಳಿಯುತ್ತದೆಯೇ? ಕಪ್ಪತಗುಡ್ಡದ ಬುಡದ ಮುಂಡರಗಿ, ಶಿರಹಟ್ಟಿ ಕಡೆಯವರು, ಬ್ಯಾಡಗಿ, ಹಾನಗಲ್ಲಿನವರು ತಂತಿಯ ಉರುಳಿಗೆ ಬೇರೆ ಹೆಸರು ಹೇಳುತ್ತೀರಾ? ಹಂದಿಗೆ ಇಡುವ ಸಿಡಿಮದ್ದಿನ ಉಂಡೆಗೆ ಏನಂತೀರಿ? ಯಾವ ಊರಿನ ಮಾತು ಅಂತ ಜೊತೆಗೇ ಬರೆಯಿರಿ, ಆಯಾ ಊರಿನ ಪ್ರತಿಯಲ್ಲಿ ಆಯಾ ಪದವನ್ನೇ ಹಾಕಿಸುತ್ತೇನೆ.