ಮರಳಲ್ಲಿ ಹೂತ ತೊರಕೆ ಉಸಿರಾಡುವುದು ಹೇಗೆ?

ಅಳಿವೆಬಾಗಿಲು:
ತೊರಕೆ (ಸ್ಟಿಂಗ್‌ರೇ) ಮೀನಿನ ಬಾಯಿ, ಕಿವಿರು ಎರಡೂ ಹೊಟ್ಟೆಯ ಕಡೆ ಇವೆ. ಮರಳಲ್ಲಿ ಹೂತು ಮಲಗಿದಾಗ ಕಿವಿರಿಗೆ ಕೆಸರು ನುಗ್ಗುವುದಿಲ್ಲವಾ? ಕಣ್ಣು ಮೇಲೆ, ಬಾಯಿ ಕೆಳಗೆ. ಹಾಗಾದರೆ ಆಹಾರ ಹುಡುಕುವುದು ಹೇಗೆ? ನಂಗ್ (ಸೋಲ್) ಮೀನೂ ಚಪ್ಪಟೆ, ಅದಕ್ಕೂ ಇದೇ ವ್ಯವಸ್ಥೆಯಾ?

ಕಡಲಜೀವಿ:
ಮಲಗಿರುವಾಗ ತೊರಕೆ ಮುಖ್ಯವಾಗಿ ನೀರೆಳೆಯುವುದು ಬಾಯಿಯಿಂದಲ್ಲ. ಕಣ್ಣಿನ ಹಿಂದೆಯೇ ಎರಡೂ ಕಡೆ ಒಂದೊಂದು ತೂತು ಇರುತ್ತದೆ, ಮೀನು ಕೈಗೆ ಸಿಕ್ಕಾಗ ನೋಡಿ. ಹೂತಾಗಲೂ ಕಣ್ಣು ಮತ್ತು ಈ ತೂತು ಮರಳಿನ ಮೇಲಿರುತ್ತವೆ. ತಿಳಿನೀರು ಅಲ್ಲಿಂದ ಒಳಗೆ ಹೋಗುತ್ತದೆ. ಕೂಡಲೇ ತೂತಿನ ಕವಾಟ ಪಂಪಿನ ಫುಟ್‌ವಾಲ್ವಿನಂತೆ ಮುಚ್ಚಿಕೊಂಡು, ಗಂಟಲು ಕುಗ್ಗಿ, ನೀರು ಹೊಟ್ಟೆ ಕಡೆಯ ಐದು ಜೊತೆ ಸೀಳುಗಳಿಂದ ಆಚೆ ಬರುತ್ತದೆ. ಸೀಳಿನಲ್ಲಿ ನೀರು ಹೊರಕ್ಕೇ ಹರಿಯುವುದರಿಂದ ಕೆಸರು ಸುಲಭವಾಗಿ ಒಳಬರಲಾರದು. ಕಸ ಸೇರಿದರೂ ಹರಿವನ್ನು ತಿರುಗಿಸಿ ಮೇಲಿನ ತೂತಿನಿಂದಲೇ ಚಿಮ್ಮಿಸಿಬಿಡುತ್ತದೆ.

ಅಂದಹಾಗೆ, ಮಗುಚಿದಾಗ ಬಾಯಿಯ ಮುಂದೆ ಕಾಣುವ ಎರಡು ಗುಳಿ ಕಣ್ಣಲ್ಲ, ಮೂಗಿನ ಹೊಳ್ಳೆ.

ನೀರಡಿ:
ಆಹಾರ ಹುಡುಕುವ ಕೆಲಸ ಮೂಗಿನದು ಮತ್ತು ಮೂತಿಯಡಿಯ ಸೂಜಿಮೊನೆಯಂಥ ರಂಧ್ರಗಳದು. ತಾಜಾ ಮೀನಿನ ಆ ಜಾಗ ಒತ್ತಿದರೆ ತಿಳಿ ಲೋಳೆ ಹೊರಬರುತ್ತದೆ. ಲೋಳೆ ತುಂಬಿದ ಈ ನಾಳಗಳಿಗೆ ಲೊರೆಂಜಿನಿ ಆಂಪುಲ್ಲಾ ಎಂದು ಹೆಸರು. ಮರಳಡಿಯ ಏಡಿ, ಸೀಗಡಿ ಉಸಿರಾಡುವಾಗ ಹುಟ್ಟುವ ಅತಿ ಕ್ಷೀಣ ವಿದ್ಯುತ್ತನ್ನೂ ಇವು ಹಿಡಿಯುತ್ತವೆ. ಸಿಕ್ಕ ಕೂಡಲೇ ಮೈಯನ್ನು ಅದರ ಮೇಲೆ ಕವುಚಿ, ಹೀರಿ, ಒತ್ತೊತ್ತಾದ ಹಲ್ಲುಗಳಿಂದ ಚಿಪ್ಪು ಪುಡಿ ಮಾಡುತ್ತದೆ.

ತೊರಕೆಯ ಬಳಗದ ಸ್ಕೇಟ್ ಮೀನಿನದ್ದೂ ಇದೇ ದೇಹರಚನೆ. ಆದರೆ ಅದರ ಬಾಲದಲ್ಲಿ ತೊರಕೆಗಿರುವಂಥ ವಿಷದ ಮುಳ್ಳಿಲ್ಲ, ಬೆನ್ನು-ಬಾಲದ ಮೇಲೆ ಒರಟು ಮುಳ್ಳುಗಳಿರುತ್ತವೆ. ಅದು ನಾಲ್ಕು ಮೂಲೆಗೂ ಕೊಂಬಿರುವ ಗಟ್ಟಿ ಚೀಲದಲ್ಲಿ ಮೊಟ್ಟೆಯಿಡುತ್ತದೆ. ತೊರಕೆ ಮರಿ ಹಾಕುತ್ತದೆ.

ಮೀನುಮೂಳೆ:
ನಂಗ್ ಮೀನಿನ ಲೆಕ್ಕ ಬೇರೆ. ತೊರಕೆ ಹೊಟ್ಟೆಯ ಮೇಲೆ ಮಲಗಿ ಅಗಲವಾದ ಮೀನು, ನಂಗ್ ಪಕ್ಕಕ್ಕೆ ಮಲಗಿದ ಮೀನು. ಮರಿಯಾಗಿದ್ದಾಗ ಎರಡು ಬದಿಗೂ ಒಂದೊಂದು ಕಣ್ಣು. ಬೆಳೆಯುತ್ತ ಬಲಗಣ್ಣು ಎಡಕ್ಕೆ ಸರಿಯುತ್ತದೆ, ಬಲಬದಿ ಬಿಳಿಚಿಕೊಂಡು ನೆಲಕ್ಕೊರಗುತ್ತದೆ. ಕಣ್ಣಿನ ಹಿಂದೆ ತೂತಿಲ್ಲ, ಬಾಯಿಯಿಂದಲೇ ನೀರೆಳೆಯುತ್ತದೆ. ತೊರಕೆಯದು ಮೃದು ಎಲುಬು, ಇದರದ್ದು ಗಟ್ಟಿ ಮೂಳೆ. ಎರಡಕ್ಕೂ ಗಾಳಿಚೀಲವಿಲ್ಲ, ತಳದಲ್ಲೇ ಕೂರಬೇಕಾದವಕ್ಕೆ ಅದರಿಂದ ಅನುಕೂಲವೇ.

ಅಳಿವೆಬಾಗಿಲು:
ಸ್ಪಷ್ಟವಾಯಿತು. ತೊರಕೆಯ ಮುಳ್ಳು ಬೇಟೆಗಾ?

ನೀರಡಿ:
ಅಲ್ಲ, ಆತ್ಮರಕ್ಷಣೆಗೆ. ಹೂತಿರುವುದನ್ನು ಮೆಟ್ಟಿದರೆ ಬಾಲ ಬೀಸುತ್ತದೆ. ಆದ್ದರಿಂದ ಮರಳಿನ ತಳದಲ್ಲಿ ಪಾದ ಎತ್ತಿಡಬೇಡಿ, ಎಳೆಯುತ್ತ ನಡೆಯಿರಿ. ಕಂಪನಕ್ಕೆ ಅದೇ ಸರಿದುಹೋಗುತ್ತದೆ. ಸತ್ತ ಮೀನಿನ ಮುಳ್ಳೂ ಅಪಾಯವೇ. ಚುಚ್ಚಿದರೆ ತಾಳುವಷ್ಟು ಬಿಸಿನೀರಿನಲ್ಲಿ, 45 ಡಿಗ್ರಿ ಸೆಲ್ಸಿಯಸ್ ಮೀರದಂತೆ, 30ರಿಂದ 90 ನಿಮಿಷ ಅದ್ದಿಡಿ, ನೋವು ಇಳಿಯುತ್ತದೆ. ಗರಗಸದಂಥ ಮುಳ್ಳಿನ ತುಂಡು ಒಳಗುಳಿದು ಕೀವಾಗುವುದುಂಟು, ವೈದ್ಯರಿಗೆ ತೋರಿಸಲೇಬೇಕು. ಎದೆ, ಹೊಟ್ಟೆಗೆ ನಾಟಿದ್ದರೆ ಕೀಳಬೇಡಿ, ಹಾಗೇ ಆಸ್ಪತ್ರೆಗೆ ಒಯ್ಯಿರಿ.