ರಾಕ್ ಹಾಡಿನ ವಿಡಿಯೊಗೆ ಕಥೆ ಬೇಕಾ, ಸುಮ್ನೆ ನುಡಿಸಿದರೆ ಸಾಕಾ?

ಕೇಳಿದವರು: ನಮ್ಮದು ನಾಲ್ಕು ಜನರ ಕನ್ನಡ ರಾಕ್ ಬ್ಯಾಂಡ್. ಮೊದಲ ಹಾಡು ರೆಕಾರ್ಡ್ ಆಗಿದೆ, ಈಗ ವಿಡಿಯೊ ಬೇಕು. ದುಡ್ಡು ಕಮ್ಮಿ. ಲವ್ ಸ್ಟೋರಿ ಮಾಡೋಣ ಅಂತಾನೆ ಗಾಯಕ. ಪ್ರಾಕ್ಟೀಸ್ ರೂಮಿನಲ್ಲಿ ನುಡಿಸುವುದನ್ನೇ ಶೂಟ್ ಮಾಡೋಣ ಅಂತ ನಾನು. ಮಾಡಿದವರು, ನೋಡುವವರು ಹೇಳಿ.

ಗಿಟಾರ್ ನುಡಿಸುವವರು: ನನ್ನ ಓಟು ನಿಮಗೆ. ಕಥೆ ಒಂದು ಸಲ ಗೊತ್ತಾದರೆ ಮುಗಿಯಿತು. ನುಡಿಸುವುದನ್ನು ಎಷ್ಟು ಸಲ ಬೇಕಾದರೂ ನೋಡುತ್ತೇನೆ. ಒಮ್ಮೆ ಬೇಸ್ ಗಿಟಾರಿನವನ ಬೆರಳು, ಇನ್ನೊಮ್ಮೆ ಡ್ರಮ್ಮರ್‌ನ ಕಾಲು. ಆಸ್ಟ್ರೇಲಿಯಾದ ರಾಕ್ ಬ್ಯಾಂಡ್ ಎಸಿ/ಡಿಸಿಯವರ ‘ಇಟ್ಸ್ ಎ ಲಾಂಗ್ ವೇ ಟು ದ ಟಾಪ್’ ನೋಡಿ. 1976ರಲ್ಲಿ ಮೆಲ್ಬರ್ನ್‌ನ ಸ್ವಾನ್‌ಸ್ಟನ್ ಸ್ಟ್ರೀಟ್‌ನಲ್ಲಿ ತೆರೆದ ಲಾರಿ ಹತ್ತಿ ಹಾಡುತ್ತಾ ಹೋಗುತ್ತಾರೆ. ಜೊತೆಗೆ ಬ್ಯಾಗ್‌ಪೈಪ್ ಊದುವವರು. ನಮ್ಮ ಗಣೇಶನ ಮೆರವಣಿಗೆ ಥರ! ಕೇಳಿಸುವುದು ರೆಕಾರ್ಡಿಂಗೇ, ಆದರೆ ಅವರ ಮುಖದ ಖುಷಿ ನಿಜ.

ರಾಕ್ ಕೇಳುವವರು: ಸ್ವಲ್ಪ ತಡೆಯಿರಿ. ಒಂದೇ ರೂಮು, ನಾಲ್ಕು ಜನ, ಕೆಂಪು ಲೈಟು. ಇಂಥವು ಸಾಕಷ್ಟಿವೆ, ಅರ್ಧಕ್ಕೇ ನಿಲ್ಲಿಸುತ್ತೇನೆ. ನಟಿಸಿದ ಆವೇಶ ತಕ್ಷಣ ಗೊತ್ತಾಗುತ್ತದೆ. 2001ರಲ್ಲಿ ಅಮೆರಿಕದ ಬ್ಯಾಂಡ್ ದ ಸ್ಟ್ರೋಕ್ಸ್ ‘ಲಾಸ್ಟ್ ನೈಟ್’ ವಿಡಿಯೊಗೆ ತುಟಿ ಆಡಿಸಲಿಲ್ಲ, ಸೆಟ್ಟಿನಲ್ಲಿ ಲೈವ್ ಆಗಿಯೇ ನುಡಿಸಿದರು. ಮೈಕ್ ಸ್ಟ್ಯಾಂಡ್ ಬಿದ್ದದ್ದನ್ನೂ ಕತ್ತರಿಸಲಿಲ್ಲ. ನನಗೆ ಇಷ್ಟ ಆಗೋದು ಅದೇ. ನಿಮ್ಮ ಬ್ಯಾಂಡ್ ಲೈವ್‌ನಲ್ಲಿ ಗಟ್ಟಿ ಇದ್ದರೆ ಧೈರ್ಯವಾಗಿ ಮಾಡಿ. ಇಲ್ಲದಿದ್ದರೆ ಲವ್ ಸ್ಟೋರಿಯೇ ವಾಸಿ.

ಎಡಿಟಿಂಗ್ ಮಾಡುವವರು: ಲವ್ ಸ್ಟೋರಿ ಬೇಡವೇ ಬೇಡ. ನಟನೆ ಕೆಟ್ಟರೆ ಎಡಿಟಿಂಗ್‌ನಲ್ಲಿ ಉಳಿಸಲು ಆಗುವುದಿಲ್ಲ. ನುಡಿಸುವುದು ಹೇಗೂ ನಿಮಗೆ ಬರುತ್ತದೆ ಅಲ್ವಾ? ಒಂದೇ ಕ್ಯಾಮೆರಾ ಸಾಕು. ರೆಕಾರ್ಡ್ ಆದ ಹಾಡನ್ನು ಸ್ಪೀಕರಿನಲ್ಲಿ ಹಾಕಿ, ಅದರ ಜೊತೆ ಮೊದಲಿಂದ ಕೊನೆವರೆಗೆ ಪೂರ್ತಿ ನುಡಿಸಿ. ಪ್ರತಿ ಸಲ ಕ್ಯಾಮೆರಾ ಜಾಗ ಬದಲಿಸಿ: ಒಮ್ಮೆ ಗಾಯಕ, ಒಮ್ಮೆ ಬರೀ ಕೈಗಳು, ಒಮ್ಮೆ ಎಲ್ಲರೂ. ಶುರುವಿನಲ್ಲಿ ಜೋರಾಗಿ ಚಪ್ಪಾಳೆ ಹೊಡೆಯಿರಿ, ದೃಶ್ಯ, ಶಬ್ದ ಎರಡನ್ನೂ ಹೊಂದಿಸುವಾಗ (ಸಿಂಕ್) ಅದೇ ಗುರುತು. ಎರಡೆರಡು ಸೆಕೆಂಡಿಗೆ ಕಟ್ ಮಾಡಬೇಡಿ. ಸೋಲೊ ಬಂದಾಗ ಬೆರಳು ನೋಡಲು ಬಿಡಿ. ಆಮೇಲೆ, ಗಿಟಾರಿಗೆ ಕೇಬಲ್ ಚುಚ್ಚಿರಿ. ಕೇಬಲ್ ಇಲ್ಲದಿದ್ದರೆ ಕಾಮೆಂಟ್‌ಗಳೆಲ್ಲ ಅದರ ಮೇಲೆಯೇ!

ಡ್ರಮ್ಮರ್: ಶೂಟಿಂಗ್ ಅಂತ ಮೆತ್ತಗೆ ಹೊಡೆಯಬೇಡಿ, ಸಿಂಬಲ್ (ಡ್ರಮ್ ಸೆಟ್ಟಿನ ಲೋಹದ ತಟ್ಟೆ) ಅಲ್ಲಾಡದಿದ್ದರೆ ಸುಳ್ಳು ಅಂತ ಗೊತ್ತಾಗುತ್ತದೆ. ಜೋರಾಗಿ ಹೊಡೆದರೆ ಸ್ಪೀಕರಿನ ಹಾಡೇ ಕೇಳಿಸದು. ಅದಕ್ಕೆ ಡ್ರಮ್ಮರ್ ಕಿವಿಗೆ ಇಯರ್‌ಫೋನ್ ಹಾಕಿ, ಹಾಡಿನ ಜೊತೆ ಕ್ಲಿಕ್ (ತಾಳ ತೋರಿಸುವ ಟಿಕ್ ಟಿಕ್ ಸದ್ದು) ಕೊಡಿ. ಉಳಿದವರು ಅವನನ್ನು ನೋಡಿಕೊಂಡು ನುಡಿಸಲಿ.

ಕೇಳಿದವರು: ಥ್ಯಾಂಕ್ಸ್ ಎಲ್ಲರಿಗೂ. ರೂಮಿನಲ್ಲಿ ಟ್ಯೂಬ್‌ಲೈಟ್ ಇದೆ. ಫೋನಿನಲ್ಲಿ ಟೆಸ್ಟ್ ಮಾಡಿದಾಗ ಪಟ್ಟೆ ಪಟ್ಟೆಯಾಗಿ ಮಿನುಗುತ್ತದೆ.

ಎಡಿಟಿಂಗ್ ಮಾಡುವವರು: ನಮ್ಮ ಕರೆಂಟು 50 ಹರ್ಟ್ಜ್, ಟ್ಯೂಬ್‌ಲೈಟ್ ಮಿನುಗುವುದು ಅದಕ್ಕೆ ತಕ್ಕಂತೆ. ಕ್ಯಾಮೆರಾವನ್ನೂ ಅದಕ್ಕೆ ಹೊಂದಿಸಬೇಕು. ಮ್ಯಾನುಯಲ್ ಮೋಡ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ ವೇಗ 1/50 ಸೆಕೆಂಡ್ ಇಡಿ. ಆಗಲೂ ಮಿನುಗಿದರೆ ಟ್ಯೂಬ್‌ಲೈಟ್ ಆರಿಸಿ, ಹಳೇ ಕಾಲದ ಹಳದಿ ಬಲ್ಬು ಹಾಕಿ.